ಗೆಳೆಯರ ಫೋಟೋ ಕೆಳಗೆ ಸರಿದದ್ದು ಹೇಗೆ? ಇನ್‌ಸ್ಟಾಗ್ರಾಮ್ ಜಗಳದ ಹಿನ್ನೆಲೆ

ಇನ್‌ಸ್ಟಾಗ್ರಾಮ್ ರೂಪ ಬದಲಾದಾಗಲೆಲ್ಲ ಜನ ಸಿಟ್ಟಾಗುತ್ತಾರೆ. ಒಂದಷ್ಟು ದಿನ ಗಲಾಟೆ ನಡೆದು ತಣ್ಣಗಾಗುವಷ್ಟರಲ್ಲಿ ಮತ್ತೊಂದು ಬದಲಾವಣೆ ಬಂದಿರುತ್ತದೆ. ಹೀಗಾಗಿ ಜನ ನಿಜಕ್ಕೂ ಕೇಳುತ್ತಿರುವುದೇನು ಅನ್ನುವುದೇ ಈಗ ಗೋಜಲಾಗಿದೆ. "ಜನರಿಗೆ ಹೊಸದು ಅಂದರೆ ಆಗಲ್ಲ, ಆಮೇಲೆ ರೂಢಿಯಾಗುತ್ತೆ ಬಿಡಿ" ಅನ್ನುವವರು ಜಾಸ್ತಿ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ.

ಈ ಮಾತಿನ ಬೇರು ಇರುವುದು ಫೇಸ್‌ಬುಕ್‌ನಲ್ಲಿ. 2006ರ ಸೆಪ್ಟೆಂಬರ್‌ನಲ್ಲಿ ಅಲ್ಲಿ 'ನ್ಯೂಸ್ ಫೀಡ್' ಬಂತು. ಅದಕ್ಕೂ ಮೊದಲು ಗೆಳೆಯರ ಸುದ್ದಿ ತಿಳಿಯಲು ಒಬ್ಬೊಬ್ಬರ ಪುಟಕ್ಕೂ ಹೋಗಬೇಕಿತ್ತು. ಫೀಡ್ ಬಂದ ಮೇಲೆ ಎಲ್ಲರ ಸುದ್ದಿಯೂ ಒಂದೇ ಕಡೆ ಕಾಣತೊಡಗಿತು. ಯಾರೋ ನಮ್ಮನ್ನು ಕದ್ದು ನೋಡಿದ ಹಾಗಿದೆ ಅಂತ ಬಳಕೆದಾರರು ರೇಗಿದರು. ಲಕ್ಷಾಂತರ ಜನ ವಿರೋಧದ ಗ್ರೂಪ್ ಸೇರಿದರು. ಫೇಸ್‌ಬುಕ್ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ತಪ್ಪಾಯಿತು ಅಂದರು, ಖಾಸಗಿತನದ ಸೆಟ್ಟಿಂಗ್ ಸೇರಿಸಿದರು, ಫೀಡ್ ಮಾತ್ರ ಉಳಿಯಿತು. ಆ ವಿರೋಧದ ಗ್ರೂಪ್ ಅಷ್ಟು ಬೇಗ ಬೆಳೆದದ್ದೂ ಅದೇ ಫೀಡ್‌ನಿಂದ. ಒಬ್ಬರು ಸೇರಿದರೆ ಅವರ ಗೆಳೆಯರಿಗೆಲ್ಲ ಅದು ಕಾಣುತ್ತಿತ್ತು. ಬೈದರೂ ಜನ ಬಳಸುತ್ತಾರೆ ಅನ್ನುವ ಪಾಠ ಕಂಪನಿಗಳಿಗೆ ಸಿಕ್ಕಿದ್ದು ಇಲ್ಲಿ. ಆದರೆ ಒಂದು ವಿಷಯ ನೆನಪಿಡಬೇಕು: ಅವತ್ತಿನ ಬದಲಾವಣೆ ಗೆಳೆಯರನ್ನು ಇನ್ನೂ ಹತ್ತಿರ ತಂದಿತ್ತು.

ಇನ್‌ಸ್ಟಾಗ್ರಾಮ್ 2010ರಲ್ಲಿ ಚೌಕದ ಫೋಟೋಗಳ ಪುಟ್ಟ ಆಪ್ ಆಗಿ ಶುರುವಾಯಿತು, 2012ರಲ್ಲಿ ಫೇಸ್‌ಬುಕ್ ಪಾಲಾಯಿತು. 2016ರಲ್ಲಿ ಸಮಯದ ಕ್ರಮ ಹೋಗಿ, ಏನು ಮೊದಲು ಕಾಣಬೇಕು ಅಂತ ಅಲ್ಗಾರಿದಮ್ ಅನ್ನುವ ಕಂಪ್ಯೂಟರ್ ಲೆಕ್ಕಾಚಾರ ತೀರ್ಮಾನಿಸತೊಡಗಿತು. ಜನ ತಮ್ಮ ಫೀಡ್‌ನಲ್ಲಿ ಸರಾಸರಿ 70%ರಷ್ಟನ್ನು ನೋಡುತ್ತಲೇ ಇಲ್ಲ ಅನ್ನುವುದು ಕಂಪನಿ ಕೊಟ್ಟ ಕಾರಣ. ಆಗಲೂ ಜನ ಗೊಣಗಿದರು. ಆದರೂ ಕಾಣುತ್ತಿದ್ದದ್ದು ನಾವೇ ಆರಿಸಿಕೊಂಡವರ ಫೋಟೋಗಳು.

ಆಮೇಲೆ ಟಿಕ್‌ಟಾಕ್ ಬಂತು. ಇಲ್ಲಿ ನಮ್ಮ ದೇಶಕ್ಕೂ ಒಂದು ಪಾತ್ರವಿದೆ. 2020ರ ಜೂನ್ 29ರಂದು ಭಾರತ ಟಿಕ್‌ಟಾಕ್ ನಿಷೇಧಿಸಿತು. ಹತ್ತು ದಿನವೂ ಆಗಿರಲಿಲ್ಲ, ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಅನ್ನುವ ಪುಟ್ಟ ವಿಡಿಯೋಗಳನ್ನು ತಂದಿತು. ಟಿಕ್‌ಟಾಕ್‌ನಲ್ಲಿ ಹಾಡು, ಹಾಸ್ಯ, ಅಡುಗೆ ತೋರಿಸುತ್ತಿದ್ದವರಿಗೆ ಅದೊಂದು ಆಸರೆಯೇ ಆಯಿತು. ಗುರುತು ಪರಿಚಯ ಇಲ್ಲದವರಿಗೂ ತಮ್ಮ ವಿಡಿಯೋ ತಲುಪುವುದು ಅವರಿಗೆ ಬೇಕಿತ್ತು. ಅದು ತಪ್ಪಲ್ಲ ಅಲ್ವಾ? ಅದೇ ವರ್ಷ ನವೆಂಬರ್‌ನಲ್ಲಿ ಪರದೆಯ ಕೆಳಗಿದ್ದ ಪ್ಲಸ್ ಮತ್ತು ಹಾರ್ಟ್ ಗುರುತುಗಳು ಮೇಲಕ್ಕೆ ಹೋದವು. ಆ ಜಾಗದಲ್ಲಿ ರೀಲ್ಸ್ ಮತ್ತು ಶಾಪ್ ಬಂದು ಕೂತವು. ವರ್ಷಗಟ್ಟಲೆ ರೂಢಿಯಾಗಿದ್ದ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಫೋಟೋ ಹಾಕಲು ಹೋದವರ ಮುಂದೆ ವಿಡಿಯೋ ತೆರೆದುಕೊಳ್ಳುತ್ತಿತ್ತು.

ದೊಡ್ಡ ಜಗಳ ನಡೆದದ್ದು 2022ರ ಜುಲೈನಲ್ಲಿ. ಕೆಲವು ಬಳಕೆದಾರರಿಗೆ ಫೀಡ್ ಪರದೆ ತುಂಬ ಹರಡಿಕೊಂಡಿತು. ಒಂದು ಸಲಕ್ಕೆ ಒಂದೇ ಪೋಸ್ಟ್, ಫೋಟೋ ಮೇಲೆಯೇ ಅಕ್ಷರ, ನಡುನಡುವೆ ನಾವು ಫಾಲೋ ಮಾಡದವರ ವಿಡಿಯೋ. ಅಮೆರಿಕದ ಯುವ ಫೋಟೋಗ್ರಾಫರ್ ಒಬ್ಬರು ಒಂದು ಮನವಿ ಶುರುಮಾಡಿದರು. ಇನ್‌ಸ್ಟಾಗ್ರಾಮ್ ಮತ್ತೆ ಇನ್‌ಸ್ಟಾಗ್ರಾಮ್ ಆಗಲಿ, ಟಿಕ್‌ಟಾಕ್ ಆಗುವುದು ಬೇಡ, ನನಗೆ ಗೆಳೆಯರ ಫೋಟೋ ನೋಡಬೇಕು ಅನ್ನುವುದು ಅದರ ಸಾರ. ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅಮೆರಿಕದ ತಾರೆಯರಾದ ಕೈಲಿ ಜೆನ್ನರ್ ಮತ್ತು ಕಿಮ್ ಕರ್ದಾಶಿಯನ್ ಅದನ್ನು ಹಂಚಿಕೊಂಡರು.

ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೆರಿ ವಿಡಿಯೋ ಮಾಡಿ ಉತ್ತರ ಕೊಟ್ಟರು. ಗೆಳೆಯರ ವಿಷಯ ಈಗ ಫೀಡ್‌ಗಿಂತ ಸ್ಟೋರಿ ಮತ್ತು ಮೆಸೇಜ್‌ಗಳಲ್ಲೇ ಜಾಸ್ತಿ ಓಡಾಡುತ್ತಿದೆ ಅನ್ನುವುದು ಅವರ ವಾದ. ಇದರಲ್ಲಿ ಹುರುಳಿದೆ. ಆದರೆ ಫೀಡ್‌ನಲ್ಲಿ ಅಪರಿಚಿತರು ತುಂಬಿದಷ್ಟೂ ಮನೆಯ ಫೋಟೋ ಅಲ್ಲಿ ಹಾಕುವ ಮನಸ್ಸು ಕಡಿಮೆಯಾಗುವುದೂ ಸಹಜವೇ. ಅದೇ ವಾರ ಕಂಪನಿಯ ಹಣಕಾಸು ಸಭೆಯಲ್ಲಿ ಒಂದು ಲೆಕ್ಕ ಹೊರಬಂತು. ಫೇಸ್‌ಬುಕ್ ಫೀಡ್‌ನ ಸುಮಾರು 15%, ಇನ್‌ಸ್ಟಾಗ್ರಾಮ್‌ನಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ನಾವು ಫಾಲೋ ಮಾಡದ ಕಡೆಯಿಂದ ಬರುತ್ತಿತ್ತು. 2023ರ ಕೊನೆಗೆ ಅದು ಎರಡರಷ್ಟನ್ನೂ ಮೀರಲಿದೆ ಅಂತ ಕಂಪನಿ ಆಗ ಹೇಳಿತು. ಮರುದಿನವೇ ಇನ್‌ಸ್ಟಾಗ್ರಾಮ್ ಆ ಪೂರ್ತಿ ಪರದೆಯ ಪ್ರಯೋಗ ನಿಲ್ಲಿಸುವುದಾಗಿ, ಫಾಲೋ ಮಾಡದವರ ಪೋಸ್ಟ್ ತೋರಿಸುವ ಶಿಫಾರಸುಗಳನ್ನು ಸದ್ಯಕ್ಕೆ ಕಡಿಮೆ ಮಾಡುವುದಾಗಿ ಹೇಳಿತು. ಸದ್ಯಕ್ಕೆ ಅನ್ನುವ ಮಾತನ್ನು ಬಹಳ ಜನ ಗಮನಿಸಲಿಲ್ಲ.

2025ರ ಜನವರಿಯಲ್ಲಿ ಪ್ರೊಫೈಲ್‌ನ ಚೌಕಗಳೂ ಉದ್ದುದ್ದ ಆದವು. ಒಂಬತ್ತು ಚೌಕ ಸೇರಿದರೆ ಒಂದು ದೊಡ್ಡ ಚಿತ್ರವಾಗುವಂತೆ ವರ್ಷಗಳಿಂದ ಪುಟ ಜೋಡಿಸಿಕೊಂಡಿದ್ದ ಕಲಾವಿದರಿದ್ದರು. ಸೀರೆ, ಒಡವೆ ಮಾರುವ ಸಣ್ಣ ವ್ಯಾಪಾರಿಗಳೂ ಇದ್ದರು. ರಾತ್ರೋರಾತ್ರಿ ಅಂಚುಗಳು ಕತ್ತರಿಸಿಹೋದವು. ಅವರು ಸುಮ್ನೆ ಗೊಣಗಿದವರಲ್ಲ, ಅವರ ಕೆಲಸವೇ ಹಾಳಾಗಿತ್ತು.

ಫಾಲೋ ಮಾಡಿದವರ ಪೋಸ್ಟ್‌ಗಳನ್ನಷ್ಟೇ ಸಮಯದ ಕ್ರಮದಲ್ಲಿ ನೋಡುವ ದಾರಿಯನ್ನು 2022ರ ಮಾರ್ಚ್‌ನಲ್ಲೇ ಕೊಟ್ಟಿದ್ದರು. ಆದರೆ ಅದನ್ನು ಕಾಯಂ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಆಪ್ ಮುಚ್ಚಿ ತೆರೆದರೆ ಮತ್ತೆ ಅಲ್ಗಾರಿದಮ್ ಫೀಡ್. ಇದು 2025ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಕೋರ್ಟ್ ಮೆಟ್ಟಿಲೇರಿತು. ಬಳಕೆದಾರ ಒಮ್ಮೆ ಆರಿಸಿದ ಫೀಡ್ ಹಾಗೆಯೇ ಉಳಿಯಬೇಕು ಅಂತ ಆಮ್‌ಸ್ಟರ್‌ಡ್ಯಾಮ್ ನ್ಯಾಯಾಲಯ ಅಕ್ಟೋಬರ್‌ನಲ್ಲಿ ಆದೇಶ ಕೊಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಭಾರತದಲ್ಲಿ ಹೊಸ ಪ್ರಯೋಗದ ಸುದ್ದಿ ಬಂತು: ಆಪ್ ತೆರೆದ ಕೂಡಲೇ ಮೊದಲು ಕಾಣುವುದು ರೀಲ್ಸ್.