ಇನ್ನೂರು ಜನರಿಗೊಂದು ಸರ್ಕಾರ

ನಾರ್ವೆಯಲ್ಲಿ ಕೊಮ್ಮೂನೆಗಳ ಲೆಕ್ಕಪತ್ರ ನೋಡುವ ನಮ್ಮಂಥವರಿಗೆ ಉತ್ಸಿರಾ ಎಂಬ ಪುಟ್ಟ ದ್ವೀಪ ಒಂದು ಸಣ್ಣ ತಲೆನೋವು. ಕೊಮ್ಮೂನೆ ಅಂದರೆ ಇಲ್ಲಿನ ಸ್ಥಳೀಯ ಸರ್ಕಾರ. ರಾಜಧಾನಿ ಓಸ್ಲೋಗೂ ಅದೇ ಹೆಸರು, ಕಡಲ ನಡುವಿನ ಊರಿಗೂ ಅದೇ ಹೆಸರು. ಎಲ್ಲರೂ ವರ್ಷಕ್ಕೊಮ್ಮೆ ಒಂದೇ ನಮೂನೆಯಲ್ಲಿ ಲೆಕ್ಕ ಒಪ್ಪಿಸಬೇಕು. ಕೋಸ್ಟ್ರಾ ಎಂಬ ಆ ವ್ಯವಸ್ಥೆಯಲ್ಲಿ ತಲಾ ಖರ್ಚಿನ ಪಟ್ಟಿ ತೆಗೆದರೆ ಉತ್ಸಿರಾದ ಅಂಕಿಗಳನ್ನು ಹಾಗೇ ನಂಬುವಂತಿಲ್ಲ. ಅಲ್ಲಿ ಇರುವುದೇ ಸುಮಾರು 200 ಜನ. ಒಂದು ಸಂಸಾರ ಊರು ಬಿಟ್ಟರೆ, ಒಬ್ಬ ಅಜ್ಜಿಗೆ ಹಗಲು ರಾತ್ರಿ ಆರೈಕೆ ಬೇಕಾದರೆ, ತಲಾ ಅಂಕಿ ಜಿಗಿದುಬಿಡುತ್ತದೆ. ಆಡಳಿತದಲ್ಲಿ ಏನೂ ಬದಲಾಗಿರುವುದಿಲ್ಲ.

ಜನಸಂಖ್ಯೆಯಲ್ಲಿ ಇದು ದೇಶದ ಅತಿ ಚಿಕ್ಕ ಕೊಮ್ಮೂನೆ. ರೋಗಾಲಾಂಡ್ ಜಿಲ್ಲೆಗೆ ಸೇರಿದ್ದು. ವಿಸ್ತೀರ್ಣ ಸುಮಾರು 6 ಚದರ ಕಿಲೋಮೀಟರ್. ಹೌಗೆಸುಂಡ್ ಪಟ್ಟಣದಿಂದ ದೋಣಿಯಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ದ್ವೀಪಕ್ಕೆ ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಬಂದರು ಇದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ನೋಡಿಕೊಂಡು ದೋಣಿ ಯಾವುದಾದರೊಂದಕ್ಕೆ ಬರುತ್ತದೆ. ಹಕ್ಕಿ ನೋಡುವವರಿಗೆ ಈ ಊರು ಚೆನ್ನಾಗಿ ಗೊತ್ತು, 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಬ್ರಿಟನ್ನಿನ ರೇಡಿಯೊದಲ್ಲಿ ಹಡಗುಗಳಿಗೆ ಹವಾಮಾನ ಹೇಳುವಾಗಲೂ ಈ ಹೆಸರು ಕೇಳಿಸುತ್ತದೆ. 1984ರಿಂದ ಅಲ್ಲಿನ ಎರಡು ಕಡಲ ವಲಯಗಳಿಗೆ ಇದೇ ದ್ವೀಪದ ಹೆಸರು.

1924ರವರೆಗೆ ಉತ್ಸಿರಾ ಬೇರೆ ಕೊಮ್ಮೂನೆ ಆಗಿರಲಿಲ್ಲ. ಕಡಲಾಚೆಯ ಕಾರ್ಮೊಯ್ ದ್ವೀಪದ ತೋರ್ವಾಸ್ತಾದ್ ಕೊಮ್ಮೂನೆಗೆ ಸೇರಿತ್ತು. ಆ ವರ್ಷ ಜುಲೈನಲ್ಲಿ ಬೇರೆಯಾಯಿತು. ಮರುವರ್ಷವೇ ಊರು ದೇಶದ ಇತಿಹಾಸದಲ್ಲಿ ಸೇರಿತು. 1925ರ ಚುನಾವಣೆಯಲ್ಲಿ ಗೆದ್ದ 12 ಸದಸ್ಯರಲ್ಲಿ 11 ಮಂದಿ ಹೆಂಗಸರು, ಒಬ್ಬನೇ ಗಂಡಸು. ಊರಿನ ಸೂಲಗಿತ್ತಿ ಓಸಾ ಹೆಲ್ಗೆಸೆನ್ ಅಧ್ಯಕ್ಷೆಯಾದರು. ನಾರ್ವೆಯ ಮೊದಲ ಮಹಿಳಾ ಮೇಯರ್ ಅವರೇ. ಸ್ಥಳೀಯ ಚುನಾವಣೆಯಲ್ಲಿ ಎಲ್ಲ ಹೆಂಗಸರಿಗೂ ಮತದ ಹಕ್ಕು ಸಿಕ್ಕಿ ಆಗಿನ್ನೂ 15 ವರ್ಷ ಆಗಿತ್ತಷ್ಟೆ.

ಇದೆಲ್ಲ ಸುಮ್ನೆ ತಮಾಷೆಗೆ ಆದದ್ದು ಎನ್ನುವವರೂ ಇದ್ದಾರೆ. ಇರಬಹುದು. ಆದರೆ ಲೆಕ್ಕದವನಾಗಿ ನನಗೆ ಮುಖ್ಯ ಅನಿಸುವುದು ಚುನಾವಣೆಯ ಮರುದಿನದ ಮಾತು. ತಮಾಷೆಗೆ ಗೆದ್ದವರೂ ಬಜೆಟ್ ಒಪ್ಪಬೇಕು, ತೆರಿಗೆ ನಿಗದಿ ಮಾಡಬೇಕು, ಶಾಲೆ ನಡೆಸಬೇಕು, ಬಡವರಿಗೆ ನೆರವು ಕೊಡಬೇಕು. 1926ರಿಂದ 1928ರವರೆಗೆ, ಇಡೀ ಅವಧಿ, ಹೆಲ್ಗೆಸೆನ್ ಆ ಕುರ್ಚಿಯಲ್ಲಿದ್ದರು. ಮುಂದೆ 1971ರಲ್ಲಿ ಮತದಾರರು ಪಟ್ಟಿಯಲ್ಲಿದ್ದ ಗಂಡಸರ ಹೆಸರು ಹೊಡೆದುಹಾಕಿ ಓಸ್ಲೋ, ತ್ರೋಂಡ್‌ಹೈಮ್, ಆಸ್ಕರ್ ಕೊಮ್ಮೂನೆಗಳ ಸಭೆಗಳಲ್ಲಿ ಹೆಂಗಸರಿಗೆ ಬಹುಮತ ಕೊಟ್ಟರು. ಅದಕ್ಕೆ ದೇಶದಲ್ಲೆಲ್ಲ ಗದ್ದಲವಾಯಿತು. ಉತ್ಸಿರಾ ಅದನ್ನು ಸುಮಾರು ಅರ್ಧ ಶತಮಾನ ಮೊದಲೇ ಮಾಡಿ ಮುಗಿಸಿತ್ತು.

ಈಗ ಕಾನೂನಿನ ವಿಷಯಕ್ಕೆ ಬರೋಣ. ನಾರ್ವೆಯಲ್ಲಿ ದೊಡ್ಡ ಕೊಮ್ಮೂನೆ, ಚಿಕ್ಕ ಕೊಮ್ಮೂನೆ ಎಂಬ ಭೇದ ಇಲ್ಲ. ಹೊಣೆ ಎಲ್ಲರಿಗೂ ಒಂದೇ. ಶಿಶುವಿಹಾರ, ಹತ್ತನೇ ತರಗತಿವರೆಗಿನ ಶಾಲೆ, ಊರ ಡಾಕ್ಟರು, ವೃದ್ಧರ ಆರೈಕೆ, ಮಕ್ಕಳ ರಕ್ಷಣೆ, ಕುಡಿಯುವ ನೀರು, ಅಗ್ನಿಶಾಮಕ, ಮನೆ ಕಟ್ಟುವ ಪರವಾನಗಿ ಎಲ್ಲವೂ ಕೊಮ್ಮೂನೆಯ ಕೆಲಸವೇ. ಹತ್ತನೇ ತರಗತಿ ಆದ ಮೇಲಿನ ಶಾಲೆ ಮಾತ್ರ ಜಿಲ್ಲೆಯದು. ಅದಕ್ಕೇ ಉತ್ಸಿರಾದ ಮಕ್ಕಳು 16ನೇ ವಯಸ್ಸಿಗೆ ಪೆಟ್ಟಿಗೆ ಕಟ್ಟಿ ಹೊರಡುತ್ತಾರೆ.

ಸಭೆಗೂ ಕನಿಷ್ಠ ಸಂಖ್ಯೆ ಇದೆ. 5,000 ಜನರವರೆಗಿನ ಕೊಮ್ಮೂನೆಯಲ್ಲಿ 11 ಸದಸ್ಯರಾದರೂ ಇರಲೇಬೇಕು. 4,900 ಜನ ಇದ್ದರೂ 11, 200 ಜನ ಇದ್ದರೂ 11. ಮಕ್ಕಳನ್ನು ಬಿಟ್ಟರೆ ಊರಿನಲ್ಲಿ ಪ್ರತಿ ಹದಿನೈದು ಜನರಲ್ಲಿ ಒಬ್ಬರಾದರೂ ಸದಸ್ಯರು. ಅವರಿಗೆ ಬದಲಿ ಸದಸ್ಯರೂ ಬೇಕು.

ನಿಜವಾದ ಕಷ್ಟ ಇರುವುದು ಇಲ್ಲಿ. 1967ರ ಆಡಳಿತ ಕಾನೂನಿನ ಪ್ರಕಾರ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿಗೆ ಸಂಬಂಧಿಸಿದ ವಿಷಯ ಬಂದರೆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಕೊಮ್ಮೂನೆಯ ನೌಕರರೂ ಸಭೆಗೆ ಆರಿಸಿ ಬರಬಹುದು. ಆದರೆ ಯಾವ ಕಡತವನ್ನು ಸಿದ್ಧ ಮಾಡುವುದರಲ್ಲಿ ಕೈ ಹಾಕಿದ್ದರೋ ಅದರ ತೀರ್ಮಾನದಲ್ಲಿ ಕೂರುವಂತಿಲ್ಲ. ಎಲ್ಲರಿಗೂ ಎಲ್ಲರೂ ನೆಂಟರಾಗಿರುವ ಊರಿನಲ್ಲಿ ಒಂದು ಮೀನು ಗೋದಾಮಿನ ಪರವಾನಗಿ ಬಂದರೆ ಎಷ್ಟು ಕುರ್ಚಿ ಖಾಲಿಯಾಗಬಹುದು, ನೀವೇ ಯೋಚಿಸಿ. ದೊಡ್ಡ ಪಟ್ಟಣದಲ್ಲಿ ಈ ನಿಯಮ ಯಾರ ಗಮನಕ್ಕೂ ಬರುವುದಿಲ್ಲ. ಸಣ್ಣ ಊರಲ್ಲಿ ಪ್ರತಿ ಸಭೆಯ ಮೊದಲ ಅರ್ಧ ಗಂಟೆ ಅದಕ್ಕೇ ಹೋದರೂ ಆಶ್ಚರ್ಯವಿಲ್ಲ. ನಿಯಮ ಸಡಿಲಿಸಿ ಅನ್ನುವವರ ಪೈಕಿ ನಾನಲ್ಲ. ನೆಂಟಸ್ತನ ಜಾಸ್ತಿ ಇರುವ ಕಡೆಯೇ ಅದು ಹೆಚ್ಚು ಬೇಕು, ಅಲ್ವಾ?

ದುಡ್ಡಿನ ಕಥೆ ಇದಕ್ಕಿಂತ ಸರಳ. ಕೇಂದ್ರ ಸರ್ಕಾರ ತೆರಿಗೆ ಆದಾಯದ ಅಂತರವನ್ನೂ ಖರ್ಚಿನ ಅಗತ್ಯದ ಅಂತರವನ್ನೂ ಲೆಕ್ಕ ಹಾಕಿ ಅನುದಾನ ಹಂಚುತ್ತದೆ. ಚಿಕ್ಕವರಿಗೆ ಒಂದಿಷ್ಟು ಹೆಚ್ಚು. ಒಬ್ಬರೇ ಮಾಡಲಾಗದ ಕೆಲಸವನ್ನು ಪಕ್ಕದ ದೊಡ್ಡ ಕೊಮ್ಮೂನೆಗೆ ಒಪ್ಪಿಸಲೂ ಕಾನೂನಿನಲ್ಲಿ ದಾರಿ ಇದೆ.

ಹಾಗಾದರೆ ಪಕ್ಕದ ಕೊಮ್ಮೂನೆ ಜೊತೆ ಸೇರಿಸಿಬಿಡಬಾರದೇ? ಈ ಪ್ರಶ್ನೆ ಹಳೆಯದು. 1965ರಲ್ಲಿ ಕಾರ್ಮೊಯ್ ದ್ವೀಪದ ಕಡೆಯ ಏಳು ಕೊಮ್ಮೂನೆಗಳು ಒಂದಾದವು. ಉತ್ಸಿರಾದ ಹಳೆಯ ತಾಯಿ ಕೊಮ್ಮೂನೆ ತೋರ್ವಾಸ್ತಾದ್ ಕೂಡ ಅದರಲ್ಲಿ ಕರಗಿತು. ಮಗು ಉಳಿಯಿತು. 2014ರಲ್ಲಿ ಪ್ರಧಾನಿ ಎರ್ನಾ ಸೋಲ್ಬರ್ಗ್ ಸರ್ಕಾರ ಮತ್ತೆ ವಿಲೀನಕ್ಕೆ ಕೈ ಹಾಕಿತು, ಒಂದಾಗುವವರಿಗೆ ಹಣದ ಆಸೆಯನ್ನೂ ತೋರಿಸಿತು. 428 ಇದ್ದ ಕೊಮ್ಮೂನೆಗಳು 2020ರ ಹೊತ್ತಿಗೆ 356 ಆದವು. ಉತ್ಸಿರಾ ಆಗಲೂ ಉಳಿಯಿತು.

ಈ ಚರ್ಚೆಯಲ್ಲಿ ಎರಡು ಖರ್ಚುಗಳನ್ನು ಒಂದೇ ಚೀಲಕ್ಕೆ ಹಾಕುತ್ತಾರೆ. ಒಂದು ಕೊಮ್ಮೂನೆಯ ಖರ್ಚು: ಅಧ್ಯಕ್ಷರು, ಆಡಳಿತದ ಮುಖ್ಯಸ್ಥರು, ಸಭೆ, ಲೆಕ್ಕ ತಪಾಸಣೆ. ವಿಲೀನವಾದರೆ ಈ ದುಡ್ಡು ಉಳಿತಾಯವಾಗುತ್ತದೆ, ಒಪ್ಪೋಣ. ಇನ್ನೊಂದು ದ್ವೀಪದ ಖರ್ಚು: ಕೆಲವೇ ಮಕ್ಕಳಿಗೊಂದು ಶಾಲೆ, ಕೆಲವೇ ಮನೆಗಳಿಗೊಂದು ನೀರಿನ ಘಟಕ, ದಾದಿ, ದೋಣಿ. ನಕಾಶೆಯ ಗೆರೆ ಅಳಿಸಿದರೆ ಕಡಲು ಅಳಿಸುವುದಿಲ್ಲ. ಶಾಲೆ ಮುಚ್ಚಿದರೆ ಮಾತ್ರ ಆ ದುಡ್ಡು ಉಳಿಯುತ್ತದೆ. ಆಗ ಸಂಸಾರಗಳೂ ಉಳಿಯುವುದಿಲ್ಲ. ತಲಾ ಖರ್ಚಿನ ಪಟ್ಟಿ ಈ ಎರಡನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಹಾಗಾಗಿ ಆ ಒಂದು ಪಟ್ಟಿ ಹಿಡಿದುಕೊಂಡು ವಿಲೀನದ ವಾದ ಮಾಡುವವರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಈಗಿನ ದೊಡ್ಡ ವಿಷಯ ಗಾಳಿ. 2004ರಲ್ಲಿ ಹೈಡ್ರೊ ಕಂಪನಿ ಇಲ್ಲಿ ಒಂದು ಪ್ರಯೋಗ ಮಾಡಿತ್ತು. ಗಾಳಿಯಂತ್ರದ ಹೆಚ್ಚುವರಿ ವಿದ್ಯುತ್ತನ್ನು ಹೈಡ್ರೋಜನ್ ಆಗಿ ಕೂಡಿಟ್ಟು ಹತ್ತು ಮನೆಗಳಿಗೆ ಕರೆಂಟು ಕೊಡುವುದು. ಕೆಲವು ವರ್ಷ ನಡೆದು ನಿಂತಿತು. 2020ರಲ್ಲಿ ಸರ್ಕಾರ ದ್ವೀಪದ ಪಶ್ಚಿಮಕ್ಕೆ ಕಡಲಲ್ಲಿ ಸುಮಾರು 1,000 ಚದರ ಕಿಲೋಮೀಟರ್ ಜಾಗವನ್ನು ತೇಲುವ ಗಾಳಿಯಂತ್ರಗಳಿಗೆ ತೆರೆಯಿತು. ಅದಕ್ಕಿಟ್ಟ ಹೆಸರು ಉತ್ಸಿರಾ ನೋರ್. ಹೆಸರು ಊರಿನದಾದರೂ ಅಧಿಕಾರ ಊರಿನದಲ್ಲ. ಕಡಲ ದೂರ ಅಳೆಯಲು ಕರಾವಳಿಯುದ್ದಕ್ಕೂ ಎಳೆದ ಮೂಲರೇಖೆಯಿಂದ ಒಂದು ನಾಟಿಕಲ್ ಮೈಲಿ ದಾಟಿದರೆ ಕೊಮ್ಮೂನೆಯ ಯೋಜನಾ ಅಧಿಕಾರ ಮುಗಿಯಿತು. ಅಲ್ಲಿಂದಾಚೆ 2010ರ ಕಡಲ ಇಂಧನ ಕಾನೂನು, ತೀರ್ಮಾನ ಕೇಂದ್ರ ಸರ್ಕಾರದ್ದು. ಕೊಮ್ಮೂನೆಯ ಕೈಯಲ್ಲಿರುವುದು ಸರ್ಕಾರ ಕೇಳಿದಾಗ ಅಭಿಪ್ರಾಯ ಬರೆದು ಕಳಿಸುವುದು, ಮತ್ತೆ ಕೇಬಲ್ಲೋ ಬಂದರಿನ ಕೆಲಸವೋ ದ್ವೀಪಕ್ಕೇ ಬಂದರೆ ತನ್ನ ನೆಲದ ಮಟ್ಟಿಗೆ ಪರವಾನಗಿಯ ಷರತ್ತು ಹಾಕುವುದು.