ಲೇಸರ್ ಚಿಕಿತ್ಸೆಯ ಬಳಿಕ ಕಣ್ಣು ಮಾಯುವ ಬಗೆ

ಕನ್ನಡಕದ ನಂಬರ್ ತೆಗೆಯುವ ಲೇಸರ್ ಚಿಕಿತ್ಸೆಯಾದ ಲಾಸಿಕ್ ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಮರುದಿನವೇ ಕನ್ನಡಕವಿಲ್ಲದೆ ಗೋಡೆ ಗಡಿಯಾರದ ಮುಳ್ಳುಗಳು ಕಾಣಿಸುತ್ತವೆ. ಅಷ್ಟಕ್ಕೇ ಎಲ್ಲವೂ ಮುಗಿಯಿತೆಂದುಕೊಂಡು ಡ್ರಾಪ್ಸ್ ಮರೆಯುವವರೂ, ಧೂಳು ತಡೆಯುವ ತಂಪು ಕನ್ನಡಕವಿಲ್ಲದೆ ಬೈಕ್ ಹತ್ತುವವರೂ ಇದ್ದಾರೆ. ಆದರೆ ದೃಷ್ಟಿ ತಿಳಿಯಾದ ಮೇಲೂ ಕಾರ್ನಿಯಾ ಪೂರ್ತಿ ಗುಣವಾಗಲು ತಿಂಗಳುಗಳೇ ಬೇಕು; ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಒಣಹವೆಯ ಸೀಮೆಯಲ್ಲಿ ಆ ತಿಂಗಳುಗಳನ್ನು ಹೆಚ್ಚು ಜೋಪಾನದಿಂದ ಕಳೆಯಬೇಕಾಗುತ್ತದೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್. ಲಾಸಿಕ್‌ನಲ್ಲಿ ಅದರ ಮೇಲಿನಿಂದ ಸುಮಾರು 100ರಿಂದ 120 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದ ಪದರವನ್ನು ಕೊಯ್ದು, ಒಂದು ಅಂಚು ಅಂಟಿಕೊಂಡಿರುವಂತೆಯೇ ಪುಸ್ತಕದ ಹಾಳೆಯ ಹಾಗೆ ಮಗುಚಿ, ಕೆಳಗಿನ ಭಾಗವನ್ನು ಎಕ್ಸೈಮರ್ ಲೇಸರ್‌ನಿಂದ ತಿದ್ದುತ್ತಾರೆ. 193 ನ್ಯಾನೊಮೀಟರ್ ತರಂಗಾಂತರದ ಈ ನೇರಳಾತೀತ ಕಿರಣವು ಅಂಗಾಂಶದ ಅಣುಬಂಧಗಳನ್ನು ಮುರಿದು ತೆಗೆಯುವುದರಿಂದ ಅಕ್ಕಪಕ್ಕದ ಭಾಗಕ್ಕೆ ಶಾಖ ತಟ್ಟುವುದು ತೀರಾ ಕಡಿಮೆ. ಜೀವಕೋಶಗಳಿರುವ ಅಂಗಾಂಶವನ್ನು ಹೀಗೆ ನಯವಾಗಿ ಕೆತ್ತಬಹುದೆಂದು 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ಮೂವರಲ್ಲಿ ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು ಎಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯಬೇಕು.

ಮಗುಚಿದ ಪದರಕ್ಕೆ ಹೊಲಿಗೆ ಹಾಕುವುದಿಲ್ಲ. ಅದು ತಾನಾಗಿಯೇ ಕೂತು, ಅಂಚಿನಲ್ಲಿ ಮಾತ್ರ ಬಿಗಿಯಾಗಿ ಕೂಡಿಕೊಳ್ಳುತ್ತದೆ. ಒಳಗಿನ ಅಂಟು ಮೊದಲಿನಷ್ಟು ಗಟ್ಟಿಯಾಗುವುದೇ ಇಲ್ಲ. ಮೊದಲ ವಾರ ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಕವಚ ಕಟ್ಟಿಕೊಂಡು ಮಲಗಲು ಹೇಳುವುದು ನಿದ್ದೆಗಣ್ಣಿನಲ್ಲಿ ಉಜ್ಜಿಕೊಳ್ಳದಿರಲೆಂದು.

ಪದರ ಕೊಯ್ಯುವಾಗ ಕಾರ್ನಿಯಾದ ಸೂಕ್ಷ್ಮ ನರಗಳೂ ಕತ್ತರಿಸಿಹೋಗುತ್ತವೆ. ಕಣ್ಣು ಒಣಗುತ್ತಿದೆ, ನೀರು ಬೇಕು ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಇವೇ ಆದ್ದರಿಂದ, ಅವು ಮತ್ತೆ ಬೆಳೆಯುವವರೆಗೆ ಕಣ್ಣೀರು ಕಡಿಮೆ ಒಸರುತ್ತದೆ, ರೆಪ್ಪೆ ಮಿಟುಕುವುದೂ ತಗ್ಗುತ್ತದೆ. ಉರಿ, ಮರಳು ಬಿದ್ದಂಥ ಕಿರಿಕಿರಿ, ಹೊತ್ತು ಏರಿದಂತೆ ದೃಷ್ಟಿ ಮಂಜಾಗುವುದು ಇದರ ಲಕ್ಷಣಗಳು. ಬಹುಪಾಲು ಜನರಲ್ಲಿ ಮೂರರಿಂದ ಆರು ತಿಂಗಳಲ್ಲಿ ಇದು ತಗ್ಗುತ್ತದೆ. ಕೆಲವರಿಗೆ ವರ್ಷವೂ ಹಿಡಿಯಬಹುದು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಸೂಜಿಯ ಮೇಲೆ ಕಣ್ಣು ನೆಟ್ಟು ಕೂರುವವರಿಗೆ ಈ ತೊಂದರೆ ಹೆಚ್ಚು ಕಾಡಬಹುದು, ಏಕೆಂದರೆ ಹತ್ತಿರದ ಕೆಲಸದಲ್ಲಿ ಮುಳುಗಿದಾಗ ಎಂಥವರೂ ರೆಪ್ಪೆ ಮಿಟುಕಿಸುವುದು ಕಡಿಮೆ.

ಸ್ಪರ್ಶಜ್ಞಾನ ಮಂದವಾಗಿರುವಾಗ ಕಣ್ಣಿಗೆ ಬಿದ್ದ ಕಸ ತಟ್ಟನೆ ಗೊತ್ತಾಗದಿರಬಹುದು ಎಂಬುದು ನಮ್ಮ ಭಾಗದಲ್ಲಿ ಸಣ್ಣ ಮಾತಲ್ಲ. ಸಂಡೂರಿನ ದಾರಿಯ ಅದಿರಿನ ಕೆಂಧೂಳು, ಗಂಗಾವತಿ, ಕಾರಟಗಿ ಕಡೆ ರೈಸ್ ಮಿಲ್ಲುಗಳ ಹೊಟ್ಟಿನ ಬೂದಿ, ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಖಾರ ಕುಟ್ಟಿಸುವಾಗ ಏಳುವ ಘಾಟು ಇವೆಲ್ಲವುಗಳಿಂದ ಕೆಲವು ವಾರವಾದರೂ ದೂರವಿರಬೇಕು. ಹೊರಗೆ ಹೋಗುವಾಗ ಪಕ್ಕವೂ ಮುಚ್ಚುವ ತಂಪು ಕನ್ನಡಕ ಬೇಕು. ಉಷ್ಣತೆ ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳನ್ನು ಬಿಟ್ಟು ಚಿಕಿತ್ಸೆಯ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವೈದ್ಯರು ಒಪ್ಪುವವರೆಗೆ ತಲೆಗೆ ನೀರು ಹಾಕಿಕೊಳ್ಳುವುದು, ಕಾಡಿಗೆ, ಕಾಲುವೆಯ ಈಜು ಇವೂ ಬೇಡ.

ಪಿಆರ್‌ಕೆ ಎಂಬ ಇನ್ನೊಂದು ಲೇಸರ್ ವಿಧಾನದ ಹಾದಿ ಬೇರೆ. ಅದರಲ್ಲಿ ಪದರ ಕೊಯ್ಯದೆ ಮೇಲುಚರ್ಮದಂಥ ತೆಳು ಹೊದಿಕೆಯನ್ನಷ್ಟೇ ತೆಗೆಯುವುದರಿಂದ ಮೊದಲ ಮೂರ್ನಾಲ್ಕು ದಿನ ನೋವು ಜೋರಾಗಿರುತ್ತದೆ, ದೃಷ್ಟಿ ನೆಲೆಗೊಳ್ಳಲು ವಾರಗಳು ಬೇಕಾಗುತ್ತವೆ.

ಆರಂಭದಲ್ಲಿ ರಾತ್ರಿ ದೀಪಗಳ ಸುತ್ತ ಬೆಳಕಿನ ಬಳೆ ಕಾಣುವುದು ಸಾಮಾನ್ಯ, ಹಾಗಾಗಿ ಹೆದ್ದಾರಿಯಲ್ಲಿ ಇರುಳು ವಾಹನ ಓಡಿಸುವವರು ಕಾಯುವುದು ಲೇಸು. ಆದರೆ ನೋವು ದಿನೇ ದಿನೇ ಏರಿದರೆ, ಕಣ್ಣು ಕೆಂಪೇರಿ ಪಿಸುರು ಬಂದರೆ, ದೃಷ್ಟಿ ಒಮ್ಮೆಲೆ ಕುಂದಿದರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಚಿಕಿತ್ಸೆ ಬೇರೆ ಊರಿನಲ್ಲಾಗಿದ್ದರೂ ಹತ್ತಿರದ ನೇತ್ರತಜ್ಞರನ್ನಾದರೂ ಕಾಣಬೇಕು. ಸ್ಟಿರಾಯ್ಡ್ ಡ್ರಾಪ್ಸ್ ಅನ್ನು ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತರುವುದಂತೂ ಅಪಾಯ. ಅದು ಸದ್ದಿಲ್ಲದೆ ಕಣ್ಣಿನ ಒತ್ತಡ ಏರಿಸಿ, ಹೋದರೆ ಮರಳದ ದೃಷ್ಟಿನರಕ್ಕೆ ಪೆಟ್ಟು ಕೊಡಬಲ್ಲದು.

ನಲವತ್ತರ ಆಸುಪಾಸಿನಲ್ಲಿ ಬರುವ ಓದುವ ಕನ್ನಡಕವನ್ನು ಈ ಚಿಕಿತ್ಸೆ ತಪ್ಪಿಸದು. ಮುಂದೆ ಕಣ್ಣಿನ ಪೊರೆ ಬಂದಾಗ, ಒಳಗೆ ಕೂರಿಸುವ ಲೆನ್ಸಿನ ನಂಬರ್ ಲೆಕ್ಕಹಾಕಲು ಲೇಸರ್‌ಗೆ ಮುಂಚಿನ ಕಾರ್ನಿಯಾದ ಅಳತೆಗಳು ಬಹಳ ನೆರವಾಗುತ್ತವೆ. ಆ ಫೈಲನ್ನು ಹೊಲದ ಪಹಣಿಯ ಜೊತೆಗೇ ಟ್ರಂಕಿನಲ್ಲಿಟ್ಟುಕೊಳ್ಳಿ.