ಬೋಗುಣಿಯ ನೀರು ಹೆಪ್ಪುಗಟ್ಟಿದ ರಾತ್ರಿ

ವಿಜಯಪುರದ ಇಂಡಿ ಸೀಮೆಯಲ್ಲಿ ನಿಂಬೆ ಬೆಳೆಯುವವರಿಗೆ ಚಿಂತೆಯೆಲ್ಲ ನೀರಿನದು. ಉತ್ತರ ಇಟಲಿಯ ಗಾರ್ಡಾ ಸರೋವರದ ದಂಡೆಯವರು ಶತಮಾನಗಳ ಕಾಲ ಹೆಣಗಿದ್ದು ಚಳಿಯ ಜೊತೆ. ಆಲ್ಪ್ಸ್ ಪರ್ವತಗಳ ಬುಡ, ಹೆಚ್ಚುಕಡಿಮೆ 46 ಡಿಗ್ರಿ ಉತ್ತರ ಅಕ್ಷಾಂಶ. ಬಯಲಿನಲ್ಲಿ ನೆಟ್ಟ ನಿಂಬೆ ಅಲ್ಲಿನ ಚಳಿಗಾಲ ದಾಟುವುದು ಕಷ್ಟ. ಆದರೂ 1786ರ ಸೆಪ್ಟೆಂಬರಿನಲ್ಲಿ ಜರ್ಮನ್ ಕವಿ ಗಯಟೆ ಲಿಮೋನೆ ಎಂಬ ಊರಿನ ಮುಂದೆ ದೋಣಿಯಲ್ಲಿ ಹಾದುಹೋಗುವಾಗ, ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಬಿಳಿಯ ಕಂಬಗಳನ್ನೂ ಅವುಗಳ ನಡುವಿನ ನಿಂಬೆಗಿಡಗಳನ್ನೂ ಕಂಡ.

ಮೂರು ಕಡೆ ಎತ್ತರದ ಕಲ್ಲಿನ ಗೋಡೆ; ಸರೋವರದ ಕಡೆ ಕಂಬಗಳಷ್ಟೇ. ನವೆಂಬರ್ ಬಂದರೆ ಕಂಬಗಳ ಮೇಲೆ ತೊಲೆ ಹಾಯಿಸಿ, ಹಲಗೆ ಹೊದಿಸಿ, ಮುಂಭಾಗಕ್ಕೆ ಗಾಜಿನ ಚೌಕಟ್ಟು ಕೂಡಿಸುತ್ತಿದ್ದರು. ಮಾರ್ಚಿನ ಹೊತ್ತಿಗೆ ಎಲ್ಲವನ್ನೂ ಬಿಚ್ಚುತ್ತಿದ್ದರು.

ಮೋಡವಿಲ್ಲದ ರಾತ್ರಿ ನೆಲ, ಎಲೆ, ಕೊಂಬೆ ಎಲ್ಲವೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಡುತ್ತವೆ. ಹಲಗೆಯ ಮಾಡು ಅದನ್ನು ತಡೆಯುತ್ತದೆ. ಹಗಲೆಲ್ಲ ಬಿಸಿಲುಂಡ ಗೋಡೆ ರಾತ್ರಿ ನಿಧಾನಕ್ಕೆ ಶಾಖ ಬಿಡುತ್ತದೆ. ನಮ್ಮ ಬಯಲುಸೀಮೆಯಲ್ಲಿ ಸಂಜೆ ಬಂಡೆಯ ಮೇಲೆ ಕೂತವರಿಗೆ ಆ ಬಿಸುಪು ಗೊತ್ತು. ಇದೇ ಕೆಲಸವನ್ನು ಸರೋವರ ಇನ್ನೂ ದೊಡ್ಡದಾಗಿ ಮಾಡುತ್ತದೆ: 346 ಮೀಟರ್ ಆಳದ ಆ ನೀರು ಬೇಸಿಗೆಯ ಶಾಖವನ್ನು ಚಳಿಗಾಲಕ್ಕೆ ಉಳಿಸಿಕೊಡುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಬೋಗುಣಿ. ಗಿಡಗಳ ನಡುವೆ ನೀರು ತುಂಬಿಟ್ಟು ಕಾಯುತ್ತಿದ್ದರು. ನೀರಿನ ಮೇಲೆ ಮಂಜುಗಡ್ಡೆಯ ಪದರ ಕಂಡಕೂಡಲೇ ಒಳಗೆ ಬೆಂಕಿ ಹಾಕುತ್ತಿದ್ದರು. ಇದು ಎಂಥ ಚೊಕ್ಕ ಉಪಾಯ ನೋಡಿ. ಬರಿಯ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ನಿಂಬೆಯ ರಸದಲ್ಲಿ ಆಮ್ಲ, ಸಕ್ಕರೆ, ಲವಣ ಕರಗಿರುವುದರಿಂದ ಅದು ಹೆಪ್ಪುಗಟ್ಟಲು ಇನ್ನೂ ಒಂದೂವರೆ-ಎರಡು ಡಿಗ್ರಿ ಇಳಿಯಬೇಕು. ಆ ಸಣ್ಣ ಅಂತರವೇ ತೋಟಗಾರನಿಗೆ ಸಿಗುವ ಸಮಯ. ಅದು ಮೀರಿದರೆ ಹಣ್ಣಿನೊಳಗೆ ಮಂಜಿನ ಹರಳು ಮೂಡಿ, ಜೀವಕೋಶಗಳು ನೀರು ಕಳೆದುಕೊಂಡು, ಒಡೆದು ಸಾಯುತ್ತವೆ.

ಹೆಪ್ಪುಗಟ್ಟುವ ನೀರು ಶಾಖವನ್ನೂ ಕೊಡುತ್ತದೆ. ಒಂದು ಲೀಟರ್ ನೀರು 80 ಡಿಗ್ರಿಯಿಂದ ಸೊನ್ನೆಗೆ ತಣಿಯುವಾಗ ಎಷ್ಟು ಶಾಖ ಬಿಡುತ್ತದೋ, ಸೊನ್ನೆಯಲ್ಲೇ ನಿಂತು ಮಂಜುಗಡ್ಡೆಯಾಗುವಾಗ ಹೆಚ್ಚುಕಡಿಮೆ ಅಷ್ಟನ್ನೇ ಬಿಡುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಕಿತ್ತಳೆ ಬೆಳೆಗಾರರು ಕಡುಚಳಿಯ ರಾತ್ರಿ ಗಿಡಗಳಿಗೆ ನೀರು ಚಿಮುಕಿಸುವುದು ಇದಕ್ಕೇ. ಹೊಸ ನೀರು ಹೆಪ್ಪುಗಟ್ಟುತ್ತಲೇ ಇರುವಷ್ಟು ಹೊತ್ತು ಕೊಂಬೆ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಗಾಳಿಯಿರುವಾಗ ನೀರು ನಿಂತಿತೋ, ಆವಿಯಾಗುವ ನೀರು ಇದ್ದ ಶಾಖವನ್ನೂ ಹೀರಿ ಗಿಡವನ್ನು ಕೊಲ್ಲುತ್ತದೆ.

ಗಾರ್ಡಾದ ತೋಟಗಳಿಗೆ 19ನೇ ಶತಮಾನದಲ್ಲಿ ಅಂಟು ಸೋರುವ ರೋಗ ತಗುಲಿತು. ಇಟಲಿ ಒಂದಾದ ಮೇಲೆ ದಕ್ಷಿಣದಿಂದ ಅಗ್ಗದ ನಿಂಬೆ ಬಂತು. ಅದಕ್ಕೆ ಗಾಜು, ಹಲಗೆ, ಸೌದೆಯ ಖರ್ಚಿರಲಿಲ್ಲ. ಕೊನೆಗೆ 1928-29ರ ಭೀಕರ ಚಳಿ ಉಳಿದಿದ್ದ ಗಿಡಗಳಲ್ಲಿ ಬಹುಪಾಲನ್ನು ಕೊಂದಿತು. ಕೆಲವು ತೋಟಗಳನ್ನು ಈಗ ಮತ್ತೆ ಕಟ್ಟಿ ನಿಂಬೆ ಬೆಳೆಸಿದ್ದಾರೆ. ಉಳಿದ ಕಡೆ, ತೊಲೆಯಿಲ್ಲದ ಕಂಬಗಳು ಸರೋವರದತ್ತ ಮುಖಮಾಡಿ ಸಾಲಾಗಿ ನಿಂತಿವೆ.